ಬಲಗಡೆ ಯಾರು, ಎಡಗಡೆ ಯಾರು?

ಇದನ್ನು ಓದಿ ನಮ್ಮ ಹಿರಿಯರಿಗೆ ಬೇಜಾರಾಗಬಹುದು. ಆಗಲಿ. ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ವಾರ್ಷಿಕೋತ್ಸವ ಬಂತೆಂದರೆ ಪ್ರಾರ್ಥನೆಗಿಂತ ಜಾಸ್ತಿ ಮಾತು ನಡೆಯುವುದು ವೇದಿಕೆ ಮೇಲೆ ಯಾರು ಕೂರಬೇಕು, ಶಾಲು ಯಾರಿಗೆ, ಬ್ಯಾನರಿನಲ್ಲಿ ಯಾರ ಫೋಟೋ ಎಷ್ಟು ದೊಡ್ಡದು ಎಂಬುದರ ಮೇಲೆ. ವಿರಾರ್ ಲೋಕಲ್ ರೈಲಿನಲ್ಲಿ ಫೋರ್ತ್ ಸೀಟಿಗೆ, ಅಂದರೆ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ತುದಿಗೆ ಕೂರುವ ಜಾಗಕ್ಕೆ, ಜಗಳ ಆಡಿದರೆ ಅರ್ಥವಿದೆ, ಕಾಲು ನೋಯುತ್ತದೆ. ಇಲ್ಲಿ ಏನು ನೋವು?

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯವನ್ನು ಒಂದೇ ಸಲ ಪೂರ್ತಿ ಓದಿ. ಯೆರೂಸಲೇಮಿನಲ್ಲಿ ನನ್ನನ್ನು ಕೊಲ್ಲುತ್ತಾರೆ ಅಂತ ಯೇಸು ಬಿಡಿಸಿ ಹೇಳುತ್ತಾನೆ. ಅದರ ಬೆನ್ನಿಗೇ ಅವನ ಹನ್ನೆರಡು ಶಿಷ್ಯರಲ್ಲಿ ಇಬ್ಬರು, ಯಾಕೋಬ, ಯೋಹಾನ ಹತ್ತಿರ ಬರುತ್ತಾರೆ. ನಿಮಗೆ ನಾನು ಏನು ಮಾಡಬೇಕು ಅಂತ ಕೇಳಿದರೆ, ನಿನ್ನ ಮಹಿಮೆಯಲ್ಲಿ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಜಾಗ ಕೊಡು ಅನ್ನುತ್ತಾರೆ! (ಮತ್ತಾಯನ ಸುವಾರ್ತೆಯಲ್ಲಿ ಇದನ್ನು ಕೇಳುವುದು ಅವರ ತಾಯಿ.) ಉಳಿದ ಹತ್ತು ಮಂದಿಗೆ ಸಿಟ್ಟು. ನಾವೇ ಮೊದಲು ಕೇಳಲಿಲ್ಲವಲ್ಲ ಎಂಬ ಸಿಟ್ಟೇ ಇರಬೇಕು ಅಂತ ನನ್ನ ಗುಮಾನಿ.

ಅದೇ ಅಧ್ಯಾಯದ ಕೊನೆಗೆ ಯೆರಿಕೋ ದಾರಿಯಲ್ಲಿ ಭಿಕ್ಷೆ ಬೇಡುವ ಕುರುಡ ಬಾರ್ತಿಮಾಯ ಕೂಗುತ್ತಾನೆ. ಸುಮ್ಮನಿರು ಅಂತ ಜನ ಗದರಿಸುತ್ತಾರೆ. ಯೇಸು ನಿಲ್ಲುತ್ತಾನೆ, ಕರೆಸುತ್ತಾನೆ, ಆ ಇಬ್ಬರಿಗೆ ಕೇಳಿದ ಪ್ರಶ್ನೆಯನ್ನೇ ಇವನಿಗೂ ಕೇಳುತ್ತಾನೆ. ನನಗೆ ಕಣ್ಣು ಕಾಣಬೇಕು ಅನ್ನುತ್ತಾನೆ ಬಾರ್ತಿಮಾಯ. ಕಣ್ಣು ಬಂದ ಮೇಲೆ, ಹೋಗು ಅಂದರೂ ಮನೆಗೆ ಹೋಗದೆ ಅದೇ ದಾರಿಯಲ್ಲಿ ಹಿಂದೆ ನಡೆಯುತ್ತಾನೆ. ಆ ದಾರಿ ಮುಟ್ಟುವುದು ಶಿಲುಬೆಗೆ. ಅಲ್ಲಿ ಬಲಗಡೆ ಎಡಗಡೆ ಇದ್ದವರು ಇಬ್ಬರು ಕಳ್ಳರು, ಅಲ್ವಾ?

ನನ್ನ ಮಟ್ಟಿಗೆ ಆ ಅಧ್ಯಾಯದಲ್ಲಿ ಶಿಷ್ಯ ಅಂದರೆ ಬಾರ್ತಿಮಾಯನೇ. ನಮ್ಮಲ್ಲಿ ಅಂಥವರು ಹಿಂದಿನ ಬೆಂಚಿನಲ್ಲಿದ್ದಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಮೊನ್ನೆ ಒಬ್ಬ ಹೆಂಗಸು ಸಾಕ್ಷಿ ಹೇಳಲು, ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಹೇಳಲು, ಎದ್ದು, ಗುತ್ತಿಗೆದಾರ ಕೂಲಿ ಕೊಟ್ಟಿಲ್ರೀ, ಪ್ರಾರ್ಥನೆ ಮಾಡ್ರಿ ಅಂದರು. ಮುಂದಿನ ಸಾಲಿನಿಂದ ಒಬ್ಬರು ಗಡಿಯಾರ ತೋರಿಸಿ, ಬೇಗ ಮುಗಿಸಮ್ಮ ಅಂದರು. ಪ್ರಾರ್ಥನೆಯೇನೋ ಆಯಿತು. ಎಷ್ಟು ವಾರದ ಕೂಲಿ, ಯಾವ ಸೈಟು, ಅವನ ಫೋನ್ ನಂಬರ್ ಏನು ಅಂತ ಯಾರೂ ಕೇಳಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು ಕೂತರು.

ನಮ್ಮ ಸಭೆಯಲ್ಲಿ ವಕೀಲರಿದ್ದಾರೆ, ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರೂ ಇದ್ದಾರೆ. ಶಾಲಿನ ಪಟ್ಟಿಯಲ್ಲಿ ಅವರ ಹೆಸರುಗಳೂ ಇವೆ. ಶಾಲು ಹೊದಿಸಿ, ಬೇಡ ಅನ್ನುವುದಿಲ್ಲ. ಆದರೆ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಹಿಂದಿನ ಬೆಂಚಿನ ಪಕ್ಕ ಒಂದು ಮೇಜು ಹಾಕಿ ಅವರನ್ನು ಕೂರಿಸಿ. ಮುಂದಿನ ಮೀಟಿಂಗಿನಲ್ಲಿ ನಾನು ಕೇಳುವುದು ಇದನ್ನೇ. ಯಾರಾದರೂ ಅನುಮೋದಿಸಿ.