ಮಗು ಬೇಕು ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡ್ರಪ್ಪ

ಹಾಸನದಲ್ಲಿ ಮೆಡಿಕಲ್ ಸ್ಟೋರ್ ನಡೆಸ್ತಿರೋ ನನಗೆ ಈಚೆಗೆ ಇದೊಂದು ತಲೆನೋವು. ಆಲೂರು, ಸಕಲೇಶಪುರ ಕಡೆಯಿಂದೆಲ್ಲ ಹುಡುಗರು ಬರುತ್ತಾರೆ, ಅಂಗಡಿ ಖಾಲಿ ಆಗೋವರೆಗೂ ಮೊಬೈಲ್ ನೋಡ್ತಾ ಪಕ್ಕಕ್ಕೆ ನಿಂತಿರುತ್ತಾರೆ, ಆಮೇಲೆ ಮೆಲ್ಲಗೆ "ಅಣ್ಣಾ, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಇದ್ಯಾ?" ಚೀಟಿ ಎಲ್ಲಪ್ಪಾ ಅಂದರೆ ಜಿಮ್‌ನಲ್ಲಿ ಹೇಳಿದರು. ಯಾಕೆ ಬೇಕು ಅಂದರೆ "ಮದುವೆಯಾಗಿ ಮೂರು ವರ್ಷ ಆಯ್ತಣ್ಣ, ಮಗು ಆಗಿಲ್ಲ, ಅದಕ್ಕೇ."

ಅದಕ್ಕೇ ಅಂತೆ! ಆಗೋದು ಪೂರ್ತಿ ಉಲ್ಟಾ. ಟೆಸ್ಟೋಸ್ಟೆರಾನ್ ಅಂದರೆ ಗಂಡಸರ ಹಾರ್ಮೋನ್. ಅದು ಹೊರಗಿನಿಂದ ಒಳಗೆ ಹೋದರೆ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್‌ಗಳನ್ನ ಬಿಡೋದನ್ನ ತಗ್ಗಿಸುತ್ತೆ, ಅವು ಇಲ್ಲದೆ ವೃಷಣ ವೀರ್ಯಾಣು ಮಾಡಲ್ಲ. ಕೆಲವರಿಗೆ ಕೌಂಟ್ ಸೊನ್ನೆಗೇ ಬರುತ್ತೆ. ನಿಲ್ಲಿಸಿದರೆ ಹೆಚ್ಚಿನವರಿಗೆ ವಾಪಸ್ ಬರುತ್ತೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನ್ನನ್ನು ವಾರಕ್ಕೊಂದರಂತೆ ಕೊಟ್ಟು, ಗಂಡಸರಿಗೆ ಗರ್ಭನಿರೋಧಕ ಆಗುತ್ತಾ ಅಂತ ಪರೀಕ್ಷೆ ಮಾಡಿತ್ತು. 1990ರಲ್ಲಿ ಫಲಿತಾಂಶ ಬಂತು, ಚೆನ್ನಾಗೇ ಕೆಲಸ ಮಾಡಿತ್ತು.

ಮಗು ಬೇಕಾದವರಿಗೆ ಡಾಕ್ಟರು ಸಾಮಾನ್ಯವಾಗಿ ಕ್ಲೋಮಿಫೀನ್ ಮಾತ್ರೆ, ಇಲ್ಲಾಂದ್ರೆ ಎಚ್‌ಸಿಜಿ ಇಂಜೆಕ್ಷನ್ ಬರೀತಾರೆ. ಇವು ದೇಹವೇ ಹಾರ್ಮೋನ್ ಮಾಡೋ ಹಾಗೆ ಚುರುಕು ಮುಟ್ಟಿಸುತ್ತವೆ. ಕ್ಲೋಮಿಫೀನ್ ಪ್ಯಾಕೆಟ್ ಒಳಗಿನ ಕಾಗದದಲ್ಲಿ ಅಂಡಾಣು, ಅಂಡೋತ್ಪತ್ತಿ ಅಂತೆಲ್ಲ ಇರೋದು ನೋಡಿ "ಇದು ನನ್ನ ಹೆಂಡತಿದು, ತಪ್ಪು ಕೊಟ್ಟಿದ್ದೀರಿ" ಅಂತ ವಾಪಸ್ ತಂದುಕೊಟ್ಟವರಿದ್ದಾರೆ. ತಪ್ಪಿಲ್ಲ ಮಾರಾಯ್ರೇ, ನಿಮಗೇ ಬರೆದಿರೋದು.

ಮಕ್ಕಳೆಲ್ಲ ದೊಡ್ಡವರಾದ ಮೇಲೆ, ಟೆಸ್ಟೋಸ್ಟೆರಾನ್ ನಿಜವಾಗಿಯೂ ಕಡಿಮೆ ಇದೆ ಅಂತ ಗೊತ್ತಾದರೆ ಮಾತು ಬೇರೆ. ಎರಡು ಮೂರು ವಾರಕ್ಕೊಮ್ಮೆ ಹಾಕಿಸೋ ಇಂಜೆಕ್ಷನ್ ಇದೆ, ಮೂರು ತಿಂಗಳಿಗೊಮ್ಮೆ ಹಾಕಿಸೋ ಅನ್‌ಡೆಕನೋಯೇಟ್ ಅನ್ನೋ ಇಂಜೆಕ್ಷನ್ ಇದೆ, ಊಟದ ಜೊತೆ ನುಂಗೋ ಕ್ಯಾಪ್ಸೂಲ್ ಇದೆ, ಜೆಲ್ ಇದೆ. ಜೆಲ್ ತಗೊಳ್ಳೋರಿಗೆ ನಾನು ಒಂದು ಮಾತು ಬಿಡದೆ ಹೇಳ್ತೀನಿ: ಭುಜಕ್ಕೆ ಹಚ್ಚಿ, ಕೈ ಸೋಪಲ್ಲಿ ತೊಳೆದು, ಒಣಗಿದ ಮೇಲೆ ಶರ್ಟ್ ಹಾಕ್ಕೊಳ್ಳಿ, ಬರಿ ಮೈಯಲ್ಲಿ ಮೊಮ್ಮಗುವನ್ನ ಎತ್ತಿಕೊಳ್ಳಬೇಡಿ, ಔಷಧಿ ಮಗುವಿಗೂ ಅಂಟುತ್ತೆ.

ಹಾರ್ಟ್‌ಗೆ ಏನಾಗುತ್ತೆ ಅಂತ ಕೇಳೋರು ಜಾಸ್ತಿ. 2023ರಲ್ಲಿ ಬಂದ ಟ್ರಾವರ್ಸ್ ಅಧ್ಯಯನದಲ್ಲಿ 5 ಸಾವಿರಕ್ಕೂ ಹೆಚ್ಚು ಗಂಡಸರಿದ್ದರು. ಟೆಸ್ಟೋಸ್ಟೆರಾನ್ ತಗೊಂಡವರಲ್ಲಿ ಹೃದಯಾಘಾತ, ಸ್ಟ್ರೋಕ್ ಹೆಚ್ಚಾಗಲಿಲ್ಲ, ಆದರೆ ಎದೆಬಡಿತ ಏರುಪೇರಾಗೋದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದು ಸ್ವಲ್ಪ ಜಾಸ್ತಿ ಕಂಡಿತು. ರಕ್ತ ಗಟ್ಟಿಯಾಗುತ್ತೆ ಕೂಡ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇಕಡಾ 54 ದಾಟಿದರೆ ಡಾಕ್ಟರು ನಿಲ್ಲಿಸುತ್ತಾರೆ. ಹಾಗಾಗಿ ಆಗಾಗ ರಕ್ತ ಪರೀಕ್ಷೆ, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ) ತಪ್ಪಿಸಬೇಡಿ.

ಇನ್ನು ಸುಮ್ನೆ ಸುಸ್ತು ಅಂತ ಬರೋರಿಗೆ: ಬೆಳಿಗ್ಗೆ ತಿಂಡಿಗೆ ಮುಂಚೆ, ಹತ್ತು ಗಂಟೆ ಒಳಗೆ ಟೆಸ್ಟೋಸ್ಟೆರಾನ್ ಪರೀಕ್ಷೆಗೆ ರಕ್ತ ಕೊಡಿ, ಇನ್ನೊಂದು ದಿನ ಮತ್ತೆ ಕೊಡಿ. ಎರಡು ಸಲವೂ 300 ng/dLಗಿಂತ ಕಡಿಮೆ ಬಂದರೆ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಬಂದಿದ್ದರೆ, ಶುಗರ್ ಇದ್ದರೆ, ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟುತ್ತಿದ್ದರೆ ಅದನ್ನೂ ಹೇಳಿ, ಎಷ್ಟೋ ಸಲ ಅಲ್ಲೇ ಇರುತ್ತೆ ಕಾರಣ. ಚೀಟಿ ತಂದರೆ ನಾನೇ ಕೊಡ್ತೀನಿ, ಚೀಟಿ ಇಲ್ಲದೆ ಕೇಳಬೇಡಿ.