ಪುನರ್ಪುಳಿ ಶರಬತ್ತಿಗೆ ಔಷಧಿಯ ಪಟ್ಟ ಬೇಡ

ನಿನ್ನೆ ಮುಂಬಯಿಯ ಮಾಟುಂಗಾದಲ್ಲಿ ನಮ್ಮವರದೇ ಒಂದು ಸಮಾರಂಭ. ಊಟಕ್ಕೆ ಮೊದಲು ಎಲ್ಲರಿಗೂ ಕೋಕಮ್, ಅಂದರೆ ನಮ್ಮ ಪುನರ್ಪುಳಿಯ ಶರಬತ್ತು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಬೇಡವೆಂದರೆ, "ಕುಡೀರಿ ಮಾವ, ಪುನರ್ಪುಳಿ ಅಲ್ವಾ, ಆಂಟಿಆಕ್ಸಿಡೆಂಟ್ ಇದೆ, ಏನೂ ಆಗಲ್ಲ" ಎಂದು ಬಡಿಸುವ ಹುಡುಗನ ಒತ್ತಾಯ. ಹುಡುಗನನ್ನು ಬೈಯಲಾರೆ, ಬಾಟಲಿಯ ಮೇಲೆ ಹಾಗೇ ಅಚ್ಚಾಗಿತ್ತು. ನನ್ನ ಸಿಟ್ಟೆಲ್ಲ ಆ ಅಚ್ಚಿನ ಮೇಲೆ.

ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಗಳ ಹಾನಿ ತಡೆಯಬಲ್ಲವೆನ್ನುವ ವಸ್ತು, ಇರುವುದು ಸುಳ್ಳಲ್ಲ. ಸಿಪ್ಪೆಯ ಕೆಂಪೇ ಆಂಥೋಸಯನಿನ್ ಎಂಬ ಅಂಥದೊಂದು ಬಣ್ಣದ ವಸ್ತು. ಗಾರ್ಸಿನಾಲ್ ಎಂಬ ಇನ್ನೊಂದು ಕೂಡ ಇದೆ, ಆದರೆ ಅದು ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಬಹುಪಾಲು ನಾವು ಹಿಂಡಿ ಎಸೆಯುವ ಸಿಪ್ಪೆಯಲ್ಲೇ ಉಳಿಯುತ್ತದೆ. ಪ್ರಯೋಗಾಲಯದ ನಳಿಕೆಯಲ್ಲಿ ಇವುಗಳ ಅಂಕಿ ದೊಡ್ಡದು. ಕುಡಿದ ಮೇಲೆ ರಕ್ತಕ್ಕೆ ಸೇರುವುದು ತೀರಾ ಅಲ್ಪ, ಅದೂ ರೂಪ ಬದಲಾಗಿ. ನಳಿಕೆಯ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧವಿಲ್ಲವೆಂದೇ ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ನಳಿಕೆಯಲ್ಲಿ ಅಳೆದು ಮಾಡಿದ್ದ ತನ್ನ ಓರಾಕ್ ಪಟ್ಟಿಯನ್ನು 2012ರಲ್ಲಿ ಜಾಲತಾಣದಿಂದ ತೆಗೆದುಹಾಕಿತು.

ಈಗ ಸಕ್ಕರೆಯ ಲೆಕ್ಕ. ಶರಬತ್ತಿಗೆ ಬಳಸುವ ಬಾಟಲಿಯ ಸಿರಪ್ಪಿನಲ್ಲಿ ತೂಕದ ಸುಮಾರು 65 ಶೇಕಡಾ ಸಕ್ಕರೆ. 40 ಮಿಲಿ ಸಿರಪ್ಪಿಗೆ ನೀರು ಬೆರೆಸಿ 200 ಮಿಲಿ ಮಾಡಿದರೆ ಆ ಒಂದು ಲೋಟದಲ್ಲೇ 30 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, 2000 ಕ್ಯಾಲರಿ ಉಣ್ಣುವವರಿಗೆ, ದಿನಕ್ಕೆ 50 ಗ್ರಾಂ, ಸಾಧ್ಯವಾದರೆ 25. ಸಕ್ಕರೆ ಹಾಕದ ಹಣ್ಣಿನ ರಸದ ಸಿಹಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ದಾಳಿಂಬೆ, ಮೋಸಂಬಿ ಜ್ಯೂಸ್ ಅಂಗಡಿಗಳ ಮುಂದೆ ಬೆಳಿಗ್ಗೆ ಸಾಲು ನಿಲ್ಲುವವರು ಇದನ್ನು ನೆನಪಿಡಬೇಕು. ಹಣ್ಣನ್ನೇ ತಿನ್ನಿ, ನಾರೂ ಸಿಗುತ್ತದೆ.

"ಕೋಲಾಕ್ಕಿಂತ ವಾಸಿ ತಾನೇ?" ಅನ್ನುತ್ತೀರಿ. 200 ಮಿಲಿ ಕೋಲಾದಲ್ಲಿ ಇರುವುದು 21 ಗ್ರಾಂ ಆಸುಪಾಸು. ಸಕ್ಕರೆಯಲ್ಲಿ ಈ ಶರಬತ್ತೇ ಮುಂದೆ. ಆ ವಾದ ಅಲ್ಲಿಗೆ ಮುಗಿಯಿತು.

ಪುನರ್ಪುಳಿ ಬಿಡಿ ಎನ್ನುತ್ತಿಲ್ಲ, ನನಗೂ ಅದು ಪ್ರಾಣ. 25 ಗ್ರಾಂ ಒಣಸಿಪ್ಪೆ ತೊಳೆದು 1 ಲೀಟರ್ ನೀರಿನಲ್ಲಿ ಎರಡು ಮೂರು ಗಂಟೆ ನೆನೆಸಿ, ಕಿವುಚಿ ಸೋಸಿ. ಕುದಿಸಬೇಡಿ, ಹೆಚ್ಚು ಹೊತ್ತು ಕಾಯಿಸಿದರೆ ಆಂಥೋಸಯನಿನ್ ಹಾಳಾಗಿ ಕೆಂಪು ಕಂದಾಗುತ್ತದೆ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡವೇ ಬೇಡ, ಹುಳಿಗೆ ಲೋಹ ಬಿಡುತ್ತದೆ. ಆಮೇಲೆ ಹುರಿದ ಜೀರಿಗೆ ಪುಡಿ, ಕಾಳುಮೆಣಸು. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿರುತ್ತಾರೆ, ಆದ್ದರಿಂದ ರುಚಿ ನೋಡಿಯೇ ಉಪ್ಪು. ಬಿಪಿ ಇದ್ದವರಿಗೆ ಇದು ಮುಖ್ಯ.

ಅಂಗಡಿಯ ಸಿರಪ್ಪಿನ ಬಣ್ಣ ಹಣ್ಣಿನದೇ ಹೌದೇ ಎಂಬ ಸಂಶಯವಿದ್ದರೆ, ಒಂದು ಚಮಚಕ್ಕೆ ನೀರು ಬೆರೆಸಿ ಅಡುಗೆ ಸೋಡಾ ಹಾಕುತ್ತಾ ಹೋಗಿ. ಆಂಥೋಸಯನಿನ್ ಆದರೆ ನೇರಳೆ, ನೀಲಿ, ಹಸಿರಿನತ್ತ ತಿರುಗುತ್ತದೆ. ಕೆಂಪು ಕೆಂಪಾಗಿಯೇ ಉಳಿದರೆ ಬೆರಕೆ ಬಣ್ಣವೆಂದು ಅನುಮಾನಿಸಿ.

ಸಂಘಗಳ ಅಡುಗೆ ನೋಡಿಕೊಳ್ಳುವ ಗೆಳೆಯರಲ್ಲಿ ಒಂದು ವಿನಂತಿ. 50 ಜನರಿಗೆ 10 ಲೀಟರ್ ನೀರು, ಕಾಲು ಕಿಲೋ ಸಿಪ್ಪೆ ಸಾಕು. ಸಕ್ಕರೆಯನ್ನು ಪಕ್ಕದಲ್ಲಿ ಬೇರೆಯೇ ಇಡಿ, ಬೇಕಾದವರು ಹಾಕಿಕೊಳ್ಳಲಿ.