ಹಿತ್ತಾಳೆ ಒಲೆಯೂ ನನ್ನ ಎಡ ಹುಬ್ಬೂ

ನನ್ನ ಎಡಗಡೆ ಹುಬ್ಬು ಬಲಗಡೆಯದಕ್ಕಿಂತ ಸ್ವಲ್ಪ ತೆಳ್ಳಗಿದೆ. ಹುಟ್ಟಿನಿಂದ ಬಂದದ್ದಲ್ಲ. ಒಂದು ಒಲೆ ದಯಪಾಲಿಸಿದ್ದು.

ಆ ಒಲೆಯನ್ನು ಕೊಂಡದ್ದು ಟ್ರೆಕ್ಕಿಂಗ್‌ನಲ್ಲಿ ಅಡುಗೆ ಮಾಡೋಕೆ ಅಂತ ಎಲ್ಲರಿಗೂ ಹೇಳಿದ್ದೆ. ನಿಜ ಏನೆಂದರೆ, ಅದು ನೋಡೋಕೆ ಚೆನ್ನಾಗಿತ್ತು. ಪೂರ್ತಿ ಹಿತ್ತಾಳೆ, ಗೇಣಿಗಿಂತ ಗಿಡ್ಡ. ಕೆಳಗೆ ಪುಟ್ಟ ಟ್ಯಾಂಕು, ಮೇಲೆ ಬರ್ನರ್, ಸುತ್ತ ಗಾಳಿ ತಡೆಯೋಕೆ ತೂತು ತೂತಿನ ಕವಚ. ಮೇಲಿನ ಮುಚ್ಚಳ ತೆಗೆದರೆ ಅದೇ ಒಂದು ಲೋಟ. ಉರಿ ಏರಿಸಿ ಇಳಿಸೋಕೆ ಸರಪಳಿಗೆ ಕಟ್ಟಿದ ಒಂದು ಕೀಲಿ. ಸ್ವೀಡನ್‌ನಲ್ಲಿ 1955ರಲ್ಲಿ ಶುರುವಾದ ಸ್ವೇಯಾ 123 ಅನ್ನೋ ಮಾದರಿ. ಸ್ವೇಯಾ ಅಂದರೆ ಅಲ್ಲಿಯವರ ದೇಶಮಾತೆಯ ಹೆಸರು. ಅಂಥವಳ ಮುಂದೆ ತಲೆ ಬಗ್ಗಿಸಲೇಬೇಕು. ಹುಬ್ಬು ಹೋದದ್ದೂ ತಲೆ ಬಗ್ಗಿಸಿದಾಗಲೇ.

ಇದರ ವಂಶವೂ ದೊಡ್ಡದು. ಬತ್ತಿಯ ಬದಲು ಸೀಮೆಎಣ್ಣೆಯನ್ನು ಆವಿ ಮಾಡಿ ಉರಿಸುವ ಪ್ರೈಮಸ್ ಒಲೆಯನ್ನು 1892ರಲ್ಲಿ ಮಾಡಿದವನೂ ಸ್ವೀಡನ್‌ನವನೇ, ಫ್ರಾನ್ಸ್ ಲಿಂಡ್‌ಕ್ವಿಸ್ಟ್. 1911ರಲ್ಲಿ ಅಮುಂಡ್‌ಸೆನ್ ದಕ್ಷಿಣ ಧ್ರುವಕ್ಕೆ ಹೋದಾಗ ಜೊತೆಗಿದ್ದದ್ದು ಪ್ರೈಮಸ್ ಒಲೆ. ಅಂಥಾ ಹಿಮದಲ್ಲೇ ಉರಿದ ಮನೆತನ, ನನ್ನ ಕೈಲಿ ಉರಿಯದೇ ಇರುತ್ತಾ ಅಂದುಕೊಂಡೆ.

ಉರೀತು. ಜಾಸ್ತಿನೇ ಉರೀತು.

ವಿಷಯ ಏನೆಂದರೆ, ಇದಕ್ಕೆ ಪಂಪ್ ಇಲ್ಲ. ಬರ್ನರ್ ಬಿಸಿಯಾಗಬೇಕು, ಆ ಬಿಸಿ ಟ್ಯಾಂಕಿಗೆ ಇಳಿಯಬೇಕು, ಆಗ ಒಳಗೆ ಒತ್ತಡ ಹುಟ್ಟಿ ಎಣ್ಣೆ ಆವಿಯಾಗಿ ಮೇಲೆ ಬರಬೇಕು. ಅಂದರೆ ಉರಿಯೋಕೆ ಬಿಸಿ ಬೇಕು, ಬಿಸಿಯಾಗೋಕೆ ಉರಿ ಬೇಕು. ಕೆಲಸ ಸಿಗೋಕೆ ಅನುಭವ ಬೇಕು ಅಂತಾರಲ್ಲ, ಅದೇ ಕತೆ. ಅದಕ್ಕೇ ಟ್ಯಾಂಕಿನ ತಲೆ ಮೇಲೆ ಒಂದು ಸಣ್ಣ ಗುಳಿ ಇದೆ. ಅಲ್ಲಿ ಒಂದಿಷ್ಟು ಎಣ್ಣೆ ಹಾಕಿ, ಹೊತ್ತಿಸಿ, ಅದು ಇನ್ನೇನು ಆರುತ್ತೆ ಅನ್ನುವಾಗ ಕೀಲಿ ತಿರುಗಿಸಬೇಕು.

ಎಣ್ಣೆ ಅಂದೆ, ಆದರೆ ಅದರ ಹೆಸರು ವೈಟ್ ಗ್ಯಾಸ್. ಅದು ಬಿಳಿಯೂ ಅಲ್ಲ, ಗ್ಯಾಸೂ ಅಲ್ಲ. ನೀರಿನ ಹಾಗೆ ಕಾಣೋ, ಪೆಟ್ರೋಲಿನ ಹತ್ತಿರದ ನೆಂಟ. ಬಾಟಲಿ ಮುಚ್ಚಳ ಸರಿಯಾಗಿ ತಿರುಗಿಸದೆ ಬ್ಯಾಗಿಗೆ ಹಾಕಿದರೆ ನೂಡಲ್ಸ್, ಕಾಲುಚೀಲ, ದಿಂಬು, ಎಲ್ಲದಕ್ಕೂ ಆ ನೆಂಟನ ವಾಸನೆ. ಅನುಭವದ ಮಾತು.

ಮೊದಲ ಸಲ ಗುಳಿಗೆ ಎಷ್ಟು ಎಣ್ಣೆ ಹಾಕಬೇಕು ಅಂತ ಗೊತ್ತಿರಲಿಲ್ಲ. ಒಂದು ಚಮಚವೂ ಬೇಡ. ನಾನು ಧಾರಾಳಿ. ಗುಳಿ ತುಂಬಿ, ಟ್ಯಾಂಕಿನ ಮೈಮೇಲೆ ಹರಿದು, ಕೆಳಗಿನ ಕಲ್ಲೂ ಒದ್ದೆಯಾಯಿತು. ಸರಿಯಾಗಿ ಬಿದ್ದಿದೆಯಾ ನೋಡೋಣ ಅಂತ ಬಗ್ಗಿಕೊಂಡೇ ಕಡ್ಡಿ ಗೀರಿದೆ. 'ಭಗ್' ಅಂದದ್ದು ಕೇಳಿಸಿತು. ಆಮೇಲೆ ಕೂದಲು ಸುಟ್ಟ ವಾಸನೆ.

"ಏನೋ ಸೀದಂಗಿದೆ," ಅಂದ ಗೆಳೆಯ, ಅತ್ತ ತಿರುಗದೆ.

"ಏನಿಲ್ಲ," ಅಂದೆ.

ಅವನದು ಗ್ಯಾಸ್ ಒಲೆ. ಡಬ್ಬಿಗೆ ತಿರುಪಿ ಗುಂಡಿ ಒತ್ತಿದರೆ ಟಿಕ್, ನೀಲಿ ಉರಿ. ಬರ್ನರ್ ಅಂಗಿ ಜೇಬಲ್ಲಿ ಹಿಡಿಯುತ್ತೆ. ನನ್ನದು ಎಣ್ಣೆ ಹಾಕುವ ಮೊದಲೇ ಸುಮಾರು ಅರ್ಧ ಕೆಜಿ. ನನ್ನ ಒಲೆಯ ಪೂಜೆ ಮುಗಿಯುವಷ್ಟರಲ್ಲಿ ಅವನು ಕಾಫಿ ಕುಡಿದು ಲೋಟ ತೊಳೆದಿರುತ್ತಿದ್ದ.

ಆ ಹುಬ್ಬಿನ ನಂತರ ಹುಷಾರಾದೆ. ಹುಷಾರು ಜಾಸ್ತಿಯಾಗಿ ಎಣ್ಣೆ ಕಮ್ಮಿ ಹಾಕಿದೆ. ಬರ್ನರ್ ಸರಿಯಾಗಿ ಕಾಯದಿದ್ದರೆ ಆವಿ ಬದಲು ಎಣ್ಣೆಯೇ ಮೇಲೆ ಬರುತ್ತೆ. ಹಳದಿ ಉರಿ ಕುಣಿಯುತ್ತೆ, ಪಾತ್ರೆಗೆ ಮಸಿ. ಒಂದು ಸಲ ಕೀಲಿಯನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದೆ. ಆ ಎರಡು ದಿನ ಒಲೆ ಹೊತ್ತುಕೊಂಡು ಓಡಾಡಿದ್ದಷ್ಟೇ. ಟ್ಯಾಂಕಿನ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಬೇರೆ ಇದೆ. ಟ್ಯಾಂಕು ಮಿತಿ ಮೀರಿ ಕಾದರೆ ಅಲ್ಲಿಂದ ಆವಿ ಚಿಮ್ಮಿ ಹೊತ್ತಿಕೊಳ್ಳುತ್ತೆ. ಹಾಗಾಗಿ ಅದರ ಮುಖ ನಮ್ಮ ಕಡೆ ಇರಬಾರದು, ಗೆಳೆಯನ ಕಡೆಗೂ ಇರಬಾರದು. ಎಷ್ಟೇ ಸಿಟ್ಟಿದ್ದರೂ. ಟೆಂಟ್ ಒಳಗಂತೂ ಈ ಒಲೆ ಹಚ್ಚಲೇಬಾರದು. ಬೆಂಕಿಯ ಭಯ ಒಂದಾದರೆ, ಕಾರ್ಬನ್ ಮಾನಾಕ್ಸೈಡ್ ಹೇಳದೆ ಕೇಳದೆ ಕೊಲ್ಲುತ್ತೆ.

ಕೊನೆಗೂ ನನ್ನ ದಿನ ಬಂತು. ರಾತ್ರಿ ಬಾಟಲಿ ನೀರು ಹೆಪ್ಪುಗಟ್ಟಿತ್ತು. ಬೆಳಗ್ಗೆ ಗೆಳೆಯ ಟಿಕ್ ಅನ್ನಿಸಿದ. ಬೆರಳುಗುರಿನಷ್ಟು ಉರಿ ಬಂದು ಹೋಯಿತು. ಮತ್ತೆ ಟಿಕ್, ಮತ್ತೆ ಅಷ್ಟೇ. ಡಬ್ಬಿಯಲ್ಲಿ ಬ್ಯೂಟೇನ್ ಇತ್ತು. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೆ ಅದು ಆವಿಯಾಗೋಕೇ ಒಲ್ಲೆ ಅನ್ನುತ್ತೆ. ಅವನು ಡಬ್ಬಿಯನ್ನು ಜಾಕೆಟ್ ಒಳಗೆ ಹಾಕಿಕೊಂಡು ಕಾವು ಕೊಡುತ್ತಾ ಕೂತ, ಕೋಳಿ ಮೊಟ್ಟೆಗೆ ಕೂತ ಹಾಗೆ.

ನಾನು ನಿಧಾನವಾಗಿ ಒಲೆ ತೆಗೆದೆ. ಟ್ಯಾಂಕನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದೆ. ಕೀಲಿ ತುಸು ತೆರೆದರೆ ಎಣ್ಣೆ ತಾನಾಗೇ ಜಿನುಗಿ ಗುಳಿಗೆ ಇಳಿಯಿತು. ಬಾಗದೆ, ದೂರದಿಂದ ಹೊತ್ತಿಸಿದೆ. ಆರುವ ಹೊತ್ತಿಗೆ ಕೀಲಿ ತಿರುಗಿಸಿದೆ. ಘರ್‌ರ್ ಅಂತ ಶುರುವಾಯಿತು. ಅದರ ಸದ್ದಿಗೆ ಪಕ್ಕದವನ ಮಾತು ಕೇಳಿಸಲ್ಲ, ಅವತ್ತು ಅದೂ ಅನುಕೂಲವೇ ಆಯಿತು.

ಅಲ್ಲಿಗೇ ಸುಮ್ನಿರಬಹುದಿತ್ತು. ಇನ್ನೊಂಚೂರು ಉರಿ ಬರಲಿ, ಅವನೂ ನೋಡಲಿ ಅಂತ ಕೀಲಿಯನ್ನು ಕೊನೇವರೆಗೂ ತೆರೆದೆ. ಈ ಒಲೆಯಲ್ಲಿ ಬರ್ನರ್‌ನ ಆವಿ ಬರೋ ತೂತು ಚೊಕ್ಕಟ ಮಾಡೋ ಪಿನ್ ಒಳಗೇ ಇದೆ. ಕೀಲಿ ಪೂರ್ತಿ ತೆರೆದರೆ ಪಿನ್ ಮೇಲೆದ್ದು ತೂತಿಗೆ ಚುಚ್ಚುತ್ತೆ. ಚುಚ್ಚಿತು. ಭಪ್. ನಿಶ್ಶಬ್ದ. ನನ್ನ ಹತ್ತಿರ ಕಡ್ಡಿಯೂ ಮುಗಿದಿತ್ತು.

"ಲೈಟರ್ ಬೇಕಾ ಮಾರಾಯ?"

"ಕೊಡೋ."

"ಮೊದಲ ಲೋಟ ನಂದು."

ಕೊಟ್ಟೆ, ಏನು ಮಾಡೋದು. ಅವನು ಊದಿ ಊದಿ ಕುಡಿಯುವಾಗ ನನ್ನ ಲೋಟಕ್ಕೆ ನೀರಿಟ್ಟೆ. ಅದು ಇನ್ನೇನು ಕುದಿಯಬೇಕು, ಘರ್‌ರ್ ಇದ್ದದ್ದು ಗೊರಗೊರ ಆಗಿ ನಿಂತಿತು. ರಾತ್ರಿ ಅಡುಗೆ ಮಾಡಿದ ಮೇಲೆ ಟ್ಯಾಂಕ್ ತುಂಬಿಸೋದು ಮರೆತಿದ್ದೆ. ಬಿಸಿ ಟ್ಯಾಂಕಿನ ಮುಚ್ಚಳ ತೆರೆದು ಎಣ್ಣೆ ಹಾಕುವಂತಿಲ್ಲ.

ಇಷ್ಟು ಹೊತ್ತು ಬಿಸಿಯಾಗಲಿ ಅಂತ ಬೇಡಿಕೊಂಡ ಒಲೆಯ ಮುಂದೆ ಖಾಲಿ ಲೋಟ ಹಿಡಿದು ಕೂತೆ, ತಣ್ಣಗಾಗಲಿ ಅಂತ ಕಾಯುತ್ತಾ.